ಶ್ವಾನದ ನಡತೆಯೂ ಯಂತ್ರದ ಸಂಗಾತವೂ

ಯಂತ್ರಮಾನವ ಎಂಬ ಶಬ್ದವನ್ನು ಕೇಳಿದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಎರಡು ಕೈ, ಎರಡು ಕಾಲು, ಒಂದು ತಲೆಯುಳ್ಳ ಲೋಹದ ಮನುಷ್ಯಾಕೃತಿ. ಆದರೆ ಮನೆಯೊಳಗೆ ಮನುಷ್ಯರೊಡನೆ ಬಾಳಬೇಕಾದ ಯಂತ್ರಕ್ಕೆ ಮನುಷ್ಯನು ತಕ್ಕ ಮಾದರಿಯಲ್ಲ, ನಾಯಿಯೇ ತಕ್ಕ ಮಾದರಿ ಎಂದು ವಾದಿಸುವ ವಿದ್ವಾಂಸರು ಹಂಗೇರಿ ದೇಶದಲ್ಲಿದ್ದಾರೆ. ಅಲ್ಲಿಯ ರಾಜಧಾನಿ ಬುಡಾಪೆಸ್ಟಿನ ಎಟ್ವೋಶ್ ಲೊರಾಂಡ್ ವಿಶ್ವವಿದ್ಯಾಲಯದಲ್ಲಿ 1994ರಲ್ಲಿ ಸಾಕುನಾಯಿಗಳ ಅಧ್ಯಯನಕ್ಕೆಂದೇ ಒಂದು ಯೋಜನೆ ಆರಂಭವಾಯಿತು. ಅದರ ಪ್ರಮುಖರಲ್ಲೊಬ್ಬರಾದ ಆದಾಮ್ ಮಿಕ್ಲೋಶಿ ಅವರು ತಮ್ಮ ಸಹೋದ್ಯೋಗಿ ಮಾರ್ತಾ ಗಾಚಿ ಅವರೊಡನೆ 2012ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ವಿಚಾರವನ್ನು ವಿಸ್ತಾರವಾಗಿ ಮಂಡಿಸಿದರು.

ದೂರದ ಹಂಗೇರಿಯ ಈ ವಿಚಾರವು ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಸದ್ಭಕ್ತರಿಗೆ ಏಕೆ ಬೇಕು ಎಂದು ಯಾರಾದರೂ ಕೇಳಬಹುದು. ಬೇಕಾಗಿದೆ. ಈ ನಾಲ್ಕು ತಾಲೂಕುಗಳ ಯಾವ ಹಳ್ಳಿಗೆ ಹೋದರೂ, ಒಂದು ಕಾಲದಲ್ಲಿ ಹದಿನೈದು ಎಲೆ ಹಾಕುತ್ತಿದ್ದ ದೊಡ್ಡ ಪಡಸಾಲೆಯ ಮನೆಗಳಲ್ಲಿ ಈಗ ಇಬ್ಬರೇ ಹಿರಿಯರು, ಕೆಲವೆಡೆ ಒಬ್ಬರೇ ಉಳಿದಿರುವುದು ಕಾಣುತ್ತದೆ. ಮಕ್ಕಳು ಬೆಂಗಳೂರು, ಪುಣೆ, ಇನ್ನೂ ಆಚೆ ಅಮೆರಿಕೆ. ಅವರಿಗೆ ಹಣದ ಕೊರತೆಯಿಲ್ಲ, ಇರುವುದು ಕಾಲದ ಕೊರತೆ. ಹೆತ್ತವರಿಗಾಗಿ ಒಂದು ಯಂತ್ರವನ್ನು ಕೊಂಡು ತಂದಿಟ್ಟರೆ ಹೇಗೆ ಎಂಬ ಮಾತು ಮದುವೆಯ ಚಪ್ಪರದಲ್ಲಿ, ಜಾತ್ರೆಯ ಅಂಗಳದಲ್ಲಿ ಈಗಾಗಲೇ ನಮ್ಮ ಕಿವಿಗೆ ಬೀಳತೊಡಗಿದೆ. ಎಂತಹ ಯಂತ್ರ, ಯಾವ ಕೆಲಸಕ್ಕೆ, ಯಾರ ಸಮಾಧಾನಕ್ಕೆ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸುವುದು ಒಳ್ಳೆಯದು.

ನಾಯಿಯ ಸಹವಾಸವು ಕನ್ನಡಿಗರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಕ್ರಿ.ಶ. 949ರ ಸುಮಾರಿನ ಶಿಲಾಶಾಸನವನ್ನು ಇತಿಹಾಸ ಬಲ್ಲವರೆಲ್ಲ ಅರಿತಿದ್ದಾರೆ. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗನು ಬೇಕಾದುದನ್ನು ಕೇಳೆಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ ಒಡೆಯನ ಕಾಳಿ ಎಂಬ ನಾಯಿಯನ್ನು ಕೇಳಿ ಪಡೆದನು. ಆ ಕಾಳಿಯು ಮುಂದೆ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಮಡಿಯಿತು. ಮಣಲೆರನು ಚಲ್ಲೇಶ್ವರ ದೇವಾಲಯದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ ಪೂಜೆಗೆ ದತ್ತಿ ಬಿಟ್ಟನು. ವೀರಗಲ್ಲುಗಳು ಸಾವಿರಾರಿದ್ದರೂ ನಾಯಿಯ ಹೆಸರನ್ನು ಹೀಗೆ ಹೊತ್ತ ಕಲ್ಲು ಅಪರೂಪ.

ಇದಕ್ಕಿಂತ ಹತ್ತಿರದ ನಿದರ್ಶನವೊಂದು ನಮ್ಮ ಹಾವೇರಿ ಜಿಲ್ಲೆಯಲ್ಲಿಯೇ ಇದೆ. ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ, ಹಾಗೆಯೇ ಮೈಲಾರದಲ್ಲಿ, ಗೊರವಯ್ಯಗಳು ಕಂಬಳಿ ತೊಟ್ಟು, ಡಮರು ನುಡಿಸಿ, ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿಕೊಂಡು ಬೊಗಳುತ್ತಾರೆ. ದೋಣಿಯೆಂಬ ಪಾತ್ರೆಯಲ್ಲಿಟ್ಟ ಹಾಲು ಬಾಳೆಹಣ್ಣುಗಳನ್ನು ಕೈ ಮುಟ್ಟಿಸದೆ ಬಾಯಿಂದಲೇ ಸ್ವೀಕರಿಸುತ್ತಾರೆ. ಇಷ್ಟಲಿಂಗನಿಷ್ಠರಾದ ಕೆಲವರು ಇದನ್ನು ಒಪ್ಪದಿರಬಹುದು. ಆ ಚರ್ಚೆ ಇಲ್ಲಿ ಬೇಡ. ನಮ್ಮ ಗಮನಕ್ಕೆ ಬರಬೇಕಾದುದು ಇಷ್ಟೇ: ಗೊರವಯ್ಯನು ನಾಯಿಯ ಬಣ್ಣ ಬಳಿದುಕೊಳ್ಳುವುದಿಲ್ಲ, ಬಾಲ ಕಟ್ಟಿಕೊಳ್ಳುವುದಿಲ್ಲ. ನಡತೆಯೊಂದರಿಂದಲೇ ನಿಷ್ಠೆಯನ್ನು ತೋರುತ್ತಾನೆ, ಸುತ್ತ ನಿಂತ ಸಾವಿರಾರು ಜನರಿಗೆ ಅದು ಅರ್ಥವಾಗುತ್ತದೆ. ಬುಡಾಪೆಸ್ಟಿನ ವಿದ್ವಾಂಸರು ಯಂತ್ರದಿಂದ ಅಪೇಕ್ಷಿಸುವುದೂ ಬಹುಮಟ್ಟಿಗೆ ಇದನ್ನೇ. ಯಂತ್ರವು ನಾಯಿಯಂತೆ ಕಾಣಬೇಕಾಗಿಲ್ಲ, ನಾಯಿಯಂತೆ ನಡೆದುಕೊಂಡರೆ ಸಾಕು.

ಇಲ್ಲಿ ಒಂದು ಭೇದವನ್ನು ತಿಳಿದಿರಬೇಕು. ನಾಲ್ಕು ಕಾಲಿನ ಯಂತ್ರಗಳು ಈಗ ನಮ್ಮ ದೇಶದಲ್ಲಿಯೂ ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಸ್ಟಾಕ್’ ಎಂಬ ಹೆಸರಿನ ನಾಲ್ಕು ಕಾಲಿನ ನಡೆಯುವ ಯಂತ್ರವನ್ನು ರೂಪಿಸಿದ್ದಾರೆ. 2025ರ ಜನವರಿ 15ರಂದು ಪುಣೆಯಲ್ಲಿ ನಡೆದ ಸೇನಾ ದಿನದ ಪಥಸಂಚಲನದಲ್ಲಿ ಇಂತಹ ಯಂತ್ರಗಳು ಸೈನಿಕರೊಡನೆ ಹೆಜ್ಜೆ ಹಾಕಿದುದನ್ನು ಅನೇಕರು ದೂರದರ್ಶನದಲ್ಲಿ ನೋಡಿರಬಹುದು. ಅವು ಪ್ರಾಣಿಗಳಿಂದ ಎರವಲು ಪಡೆದಿರುವುದು ಕಾಲುಗಳನ್ನು. ಕಲ್ಲುಮುಳ್ಳಿನ ನೆಲದಲ್ಲಿ ಚಕ್ರ ಉರುಳದಿರುವಲ್ಲಿ ಕಾಲು ನಡೆಯುತ್ತದೆ. ನಾವು ಹೇಳುತ್ತಿರುವ ವಿಜ್ಞಾನಿಗಳಾದರೋ ಎರವಲು ಪಡೆಯಬಯಸುವುದು ನಾಯಿಯ ಕಾಲನ್ನಲ್ಲ, ಅದರ ಸಂಸ್ಕಾರವನ್ನು.

ಆ ಸಂಸ್ಕಾರವೆಂದರೇನು? ಮಿಕ್ಲೋಶಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸೊಗಸಾಗಿ ತೋರಿಸುತ್ತದೆ. ಮನುಷ್ಯರ ಕೈಯಲ್ಲಿ ಮರಿಯಿಂದಲೇ ಬೆಳೆದ ತೋಳಗಳಿಗೂ ನಾಯಿಗಳಿಗೂ ಒಂದೇ ಕೆಲಸವನ್ನು ಕಲಿಸಿದರು. ಎಳೆದರೆ ಅಥವಾ ತೆರೆದರೆ ಮಾಂಸದ ತುಣುಕು ದೊರೆಯುತ್ತಿತ್ತು. ಎರಡೂ ಕಲಿತವು. ಬಳಿಕ ಎಷ್ಟು ಪ್ರಯತ್ನಿಸಿದರೂ ದೊರೆಯದಂತೆ ಕಟ್ಟಿಹಾಕಿದರು. ತೋಳಗಳು ತಮ್ಮ ಪ್ರಯತ್ನವನ್ನೇ ಮುಂದುವರಿಸಿದವು. ನಾಯಿಗಳು ಬೇಗನೆ ನಿಲ್ಲಿಸಿ, ಹಿಂದೆ ನಿಂತಿದ್ದ ಮನುಷ್ಯನ ಮುಖವನ್ನು ನೋಡಿದವು. ಆ ಹಿಂತಿರುಗಿ ನೋಡುವ ನೋಟದಲ್ಲಿಯೇ ಸಾವಿರಾರು ವರ್ಷಗಳ ಸಹವಾಸ ಅಡಗಿದೆ. ಜಪಾನಿನ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ನಾಯಿಯೂ ಒಡೆಯನೂ ಒಬ್ಬರನ್ನೊಬ್ಬರು ದೀರ್ಘಕಾಲ ನೋಡಿದಾಗ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆ. ತಾಯಿ ಮಗುವಿನ ಬಾಂಧವ್ಯದಲ್ಲಿ ಕೆಲಸ ಮಾಡುವ ರಸವೇ ಅದು.

ಇದನ್ನು ಓದುವಾಗ ನಮ್ಮ ಭಾಗದ ಕುರಿಗಾಹಿಗಳ ನಾಯಿಗಳು ನೆನಪಾಗುತ್ತವೆ. ಸುಗ್ಗಿ ಮುಗಿದ ಮೇಲೆ ಹೊಲದಲ್ಲಿ ಹಿಂಡು ಮಲಗಿಸುವ ವಾಡಿಕೆ ಇನ್ನೂ ಇದೆ. ರಾತ್ರಿ ಪೊದೆಯಲ್ಲಿ ಏನೋ ಅಲುಗಿದರೆ ಅನುಭವಸ್ಥ ನಾಯಿ ಕೂಡಲೇ ನುಗ್ಗುವುದಿಲ್ಲ. ಒಮ್ಮೆ ಪೊದೆಯ ಕಡೆ, ಒಮ್ಮೆ ಕಂಬಳಿ ಹೊದ್ದವನ ಕಡೆ ನೋಡುತ್ತದೆ. ಅವನು ಎದ್ದು ಕೂತರೆ ಮುಂದಿನ ಹೆಜ್ಜೆ. ಇದನ್ನು ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಯಂತ್ರಕ್ಕೆ ಇಷ್ಟನ್ನು ಕಲಿಸಲು ಎಂಜಿನಿಯರರು ವರ್ಷಗಟ್ಟಲೆ ದುಡಿಯುತ್ತಿದ್ದಾರೆ.

ಮನುಷ್ಯಾಕೃತಿಯೇಕೆ ಬೇಡ ಎಂಬ ಪ್ರಶ್ನೆಗೂ ಉತ್ತರವಿದೆ. 1970ರಲ್ಲಿಯೇ ಜಪಾನಿನ ಮಸಾಹಿರೊ ಮೋರಿ ಎಂಬ ಪ್ರಾಧ್ಯಾಪಕರು, ಗೊಂಬೆಯು ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಪ್ರಿಯವಾಗುತ್ತದೆ, ಆದರೆ ಹೋಲಿಕೆ ತೀರ ಹತ್ತಿರವಾಗಿ ಸ್ವಲ್ಪವೇ ತಪ್ಪಿದಾಗ ಇದ್ದಕ್ಕಿದ್ದಂತೆ ಅಸಹ್ಯವೂ ಭಯವೂ ಹುಟ್ಟುತ್ತವೆ ಎಂದಿದ್ದರು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಅವರು ನಿರ್ಮಿಸಿದ ಉತ್ಸವ ರಾಕ್ ಗಾರ್ಡನ್ನಿಗೆ ಹೋದವರಿಗೆ ಇದರ ಅರ್ಧ ಅನುಭವ ಆಗಿಯೇ ಇರುತ್ತದೆ. ಅಲ್ಲಿಯ ಹಳ್ಳಿಯ ಬೀದಿ, ಎತ್ತು, ಎಮ್ಮೆ, ಕೆಲಸದಲ್ಲಿ ತೊಡಗಿದ ಹೆಣ್ಣು ಗಂಡುಗಳ ಆಳೆತ್ತರದ ಶಿಲ್ಪಗಳನ್ನು ನೋಡಿ ಮಕ್ಕಳು ಮಾತನಾಡಿಸಲು ಹೋಗುವುದುಂಟು. ಆ ಶಿಲ್ಪಗಳು ನಿಶ್ಚಲವಾಗಿರುವುದರಿಂದಲೇ ನಮಗೆ ಹಿತವಾಗಿವೆ. ಅವುಗಳಲ್ಲೊಂದು ಹಠಾತ್ತನೆ ತಲೆ ತಿರುಗಿಸಿ ಕ್ಷೇಮವೇ ಎಂದು ಕೇಳಿತೆನ್ನಿ, ಅಲ್ಲಿ ಯಾರು ನಿಂತಾರು! ಎಂಬತ್ತು ದಾಟಿದ ಅಜ್ಜಿಯೊಬ್ಬಳ ಪಡಸಾಲೆಯಲ್ಲಿ ಅಂತಹದನ್ನು ತಂದು ನಿಲ್ಲಿಸುವುದು ವಿವೇಕವಲ್ಲ.

ಇನ್ನೊಂದು ಕಾರಣ ಹೆಚ್ಚು ಗಂಭೀರವಾದುದು. ಮನುಷ್ಯನಂತೆ ಕಾಣುವ ಯಂತ್ರದಿಂದ ನಾವು ಮನುಷ್ಯನ ಬುದ್ಧಿಯನ್ನೇ ನಿರೀಕ್ಷಿಸುತ್ತೇವೆ, ದೊರೆಯದಿದ್ದಾಗ ಕೋಪಗೊಳ್ಳುತ್ತೇವೆ. ನಾಯಿ ಬೇರೆ ಜಾತಿಯ ಜೀವ. ಅದಕ್ಕೆ ಮಾತಿಲ್ಲ, ಕೈಯಿಲ್ಲ. ಅದರಿಂದ ಆಗುವುದೇನು, ಆಗದಿರುವುದೇನು ಎಂಬುದು ನಮಗೆ ಗೊತ್ತಿದೆ. ಆದರೂ ಎರಡು ಜಾತಿಗಳು ಒಂದೇ ಹೊಸ್ತಿಲಲ್ಲಿ ಹೊಂದಿಕೊಂಡು ಬಾಳಿವೆ. ಮನುಷ್ಯ ಮತ್ತು ಯಂತ್ರದ ಸಂಬಂಧವೂ ಹೀಗೆ ಎರಡು ಜಾತಿಗಳ ನಡುವಿನ ಸಂಬಂಧವಾಗಿರಲಿ, ಯಂತ್ರವು ನರನ ವೇಷ ಹಾಕುವುದು ಬೇಡ ಎಂಬುದೇ ಆ ವಿದ್ವಾಂಸರ ವಾದದ ತಿರುಳು. ವೇಷವನ್ನು ಒಪ್ಪದ ಶರಣರ ಪರಂಪರೆಯಲ್ಲಿ ಬೆಳೆದ ನಮಗೆ ಈ ಮಾತು ತಕ್ಷಣ ಹಿಡಿಸಿತು.

ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು ಹಂಗೇರಿಯವರೊಡಗೂಡಿ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಿವಿ ಕೇಳದವರಿಗೆ ನೆರವಾಗಲು ತರಬೇತಿ ಪಡೆದ ನಾಯಿಗಳು ಪಾಶ್ಚಾತ್ಯ ದೇಶಗಳಲ್ಲಿವೆ. ಬಾಗಿಲ ಗಂಟೆ ಬಾರಿಸಿದರೆ ಅಂತಹ ನಾಯಿ ಒಡೆಯನ ಬಳಿ ಬರುತ್ತದೆ, ಅವನ ಗಮನ ಸೆಳೆಯುತ್ತದೆ, ಬಾಗಿಲ ಕಡೆ ನಡೆಯುತ್ತದೆ, ನಡುವೆ ತಿರುಗಿ ಅವನು ಬರುತ್ತಿರುವನೇ ಎಂದು ನೋಡುತ್ತದೆ, ಬಾರದಿದ್ದರೆ ಮತ್ತೆ ಹಿಂದಿರುಗುತ್ತದೆ. ಈ ನಡೆಗಳನ್ನು ಹಂತಹಂತವಾಗಿ ಗುರುತಿಸಿ, ಚಕ್ರಗಳ ಮೇಲೆ ಚಲಿಸುವ, ಕೈಯಾಗಲಿ ಬಾಲವಾಗಲಿ ಇಲ್ಲದ ಒಂದು ಸಾಧಾರಣ ಯಂತ್ರಕ್ಕೆ ಅಳವಡಿಸಿದರು. ಅದು ಒಂದು ಮಾತನ್ನೂ ಆಡಲಿಲ್ಲ. ಆದರೂ ಮೊದಲು ಯಾವ ವಿವರಣೆಯನ್ನೂ ಪಡೆಯದಿದ್ದ ಜನರು ಅದರ ಇಂಗಿತವನ್ನು ಗ್ರಹಿಸಿ ಬಾಗಿಲ ಬಳಿಗೆ ನಡೆದರು.

ಇದರ ಮಹತ್ವವು ಹಳ್ಳಿಯ ಮನೆಯಲ್ಲಿ ಕುಳಿತು ಯೋಚಿಸಿದರೆ ತಿಳಿಯುತ್ತದೆ. ಈಗ ಪೇಟೆಯಲ್ಲಿ ದೊರೆಯುವ ಮಾತನಾಡುವ ಉಪಕರಣಗಳು ಬಹುಪಾಲು ಇಂಗ್ಲಿಷನ್ನೋ ಹಿಂದಿಯನ್ನೋ ಬಲ್ಲವು. ಕನ್ನಡ ಬಲ್ಲವುಗಳೂ ಪುಸ್ತಕದ ಕನ್ನಡ ಬಲ್ಲವೇ ಹೊರತು ಹಿರೇಕೆರೂರಿನ ಅಜ್ಜ ‘ಏನ ಅಂದಿ?’ ಎಂದರೆ ತಬ್ಬಿಬ್ಬಾಗುತ್ತವೆ. ಅಜ್ಜನಿಗೆ ಕಿವಿಯೂ ಮಂದವಾಗಿದ್ದರೆ ಮುಗಿಯಿತು. ಆದರೆ ಬಳಿಗೆ ಬಂದು, ಮುಖ ನೋಡಿ, ಬಾಗಿಲ ಕಡೆ ಹೋಗಿ, ಮತ್ತೆ ತಿರುಗಿ ನೋಡುವ ಯಂತ್ರಕ್ಕೆ ಯಾವ ಭಾಷೆಯೂ ಬೇಡ. ಆ ಭಾಷೆಯನ್ನು ನಮ್ಮ ಅಜ್ಜ ಅಜ್ಜಿಯರು ಹುಟ್ಟಿದಾರಭ್ಯ ಬಲ್ಲರು. ಒಲೆಯ ಮೇಲಿನ ಹಾಲು ಉಕ್ಕಿದಾಗ, ಹಿತ್ತಲ ಬಾಗಿಲು ತೆರೆದೇ ಉಳಿದಾಗ, ಸಂಜೆಯ ಮಾತ್ರೆ ಮರೆತಾಗ ಹೀಗೆ ಬಂದು ಕರೆಯುವ ಒಂದು ಯಂತ್ರ ಸಿದ್ಧವಾಗುವುದಾದರೆ ಅದನ್ನು ನಾವು ಸಂತೋಷದಿಂದ ಸ್ವಾಗತಿಸುತ್ತೇವೆ.

ಹಾನಗಲ್ಲ ಕುಮಾರ ಶಿವಯೋಗಿಗಳ ಸೀಮೆಯವರು ನಾವು. ಕಾಡಶೆಟ್ಟಿಹಳ್ಳಿಯ ಅಂಧ ಬಾಲಕ ಗದಿಗೆಯ್ಯನನ್ನೂ ಅವನ ಅಣ್ಣನನ್ನೂ ಪೂಜ್ಯರು ಕರೆದುಕೊಂಡು ಬಂದು ಸಂಗೀತದ ಶಿಕ್ಷಣ ಕೊಡಿಸಿದರು. ಆ ಬಾಲಕನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳಾಗಿ ನೂರಾರು ಅಂಧ ಮಕ್ಕಳಿಗೆ ಆಶ್ರಯವಾದರು. ಪೂಜ್ಯರು ಆ ಮಕ್ಕಳ ಮೇಲೆ ಕನಿಕರ ತೋರಿ ಒಂದು ಮೂಲೆಯಲ್ಲಿ ಕೂರಿಸಿ ಊಟ ಹಾಕಿದ್ದರೆ ಇದಾಗುತ್ತಿರಲಿಲ್ಲ, ಅವರ ಕೈಗೆ ಒಂದು ಕಾಯಕವನ್ನು ಕೊಟ್ಟರು. ಉಪಕರಣಗಳನ್ನೂ ನಾವು ಈ ತಕ್ಕಡಿಯಲ್ಲಿಯೇ ತೂಗಬೇಕೆಂದು ನಮಗೆ ತೋರುತ್ತದೆ. ಬಾಗಿಲಿಗೆ ಕರೆಯುವ ಯಂತ್ರ ಕಿವುಡ ಅಜ್ಜನನ್ನು ಎಬ್ಬಿಸಿ ನಡೆಸುತ್ತದೆ. ಬಂದವರಿಗೆ ಬನ್ನಿ ಎನ್ನುವ ಯಜಮಾನಿಕೆ ಅವನಲ್ಲಿಯೇ ಉಳಿಯುತ್ತದೆ.

ತೊಡಕು ಬರುವುದು ಇನ್ನೊಂದು ಬಗೆಯ ಯಂತ್ರದಲ್ಲಿ. ಜಪಾನಿನ ಸೋನಿ ಕಂಪನಿ 1999ರಲ್ಲಿ ಐಬೋ ಎಂಬ ಯಂತ್ರನಾಯಿಯನ್ನು ಮಾರುಕಟ್ಟೆಗೆ ತಂದಿತು. ಅದು ಯಾವ ಉಪಯುಕ್ತ ಕೆಲಸವನ್ನೂ ಮಾಡುವುದಿಲ್ಲ. ಬಾಲವಾಡಿಸುತ್ತದೆ, ತಲೆ ಸವರಿದರೆ ನಲಿಯುತ್ತದೆ. ಅದೇ ದೇಶದ ತಕನೋರಿ ಶಿಬಾಟ ಅವರು ಸೀಲ್ ಎಂಬ ಕಡಲಪ್ರಾಣಿಯ ಮರಿಯಂತಿರುವ ಪ್ಯಾರೋ ಎಂಬುದನ್ನು ಮರೆವಿನ ರೋಗವುಳ್ಳ ವೃದ್ಧರಿಗಾಗಿ ರೂಪಿಸಿದರು. ನಾಯಿ ಬೆಕ್ಕುಗಳ ರೂಪ ಕೊಟ್ಟರೆ ಜನ ನಿಜವಾದವುಗಳೊಡನೆ ಹೋಲಿಸಿ ಕೊರತೆ ಹುಡುಕುತ್ತಾರೆ, ಸೀಲ್ ಮರಿಯನ್ನು ಹತ್ತಿರದಿಂದ ಕಂಡವರು ಕಡಿಮೆ ಎಂಬುದು ಅವರ ಲೆಕ್ಕಾಚಾರ. ಜಾಣತನವೇನೋ ಹೌದು. ಬುಡಾಪೆಸ್ಟಿನವರೇ ನಾಯಿಯ ಸಂತೋಷ ಹಾಗೂ ಭಯದ ಚಲನೆಗಳನ್ನು ಯಂತ್ರವೊಂದಕ್ಕೆ ಅಳವಡಿಸಿದಾಗ, ನೋಡಿದ ಜನರು ಆ ಯಂತ್ರಕ್ಕೆ ಸಂತೋಷವಾಗಿದೆ, ಭಯವಾಗಿದೆ ಎಂದೇ ಹೇಳಿದರು. ಒಳಗೆ ಸಂತೋಷವೂ ಇರಲಿಲ್ಲ, ಭಯವೂ ಇರಲಿಲ್ಲ.

ನಿಜವಾದ ನಾಯಿಯ ವಿಷಯದಲ್ಲಿಯೂ ನಾವು ಹೀಗೆ ಹೆಚ್ಚು ಆರೋಪಿಸುತ್ತೇವೆ ಎಂದು ತರ್ಕಿಸುವವರಿದ್ದಾರೆ. ಅವರ ಬಳಿ ಆಧಾರವೂ ಇದೆ. ತಪ್ಪು ಮಾಡಿದ ನಾಯಿ ತಲೆ ತಗ್ಗಿಸಿ ಅಪರಾಧಿಯಂತೆ ನಿಲ್ಲುತ್ತದೆಂದು ನಾವೆಲ್ಲ ನಂಬಿದ್ದೇವೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಅಮೆರಿಕದ ವಿದುಷಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆ ಮುಖಭಾವ ತಪ್ಪಿಗಿಂತ ಹೆಚ್ಚಾಗಿ ಒಡೆಯನ ಗದರಿಕೆಗೆ ಸಂಬಂಧಿಸಿದ್ದೆಂದು ಕಂಡುಬಂತು. ತಪ್ಪು ಮಾಡದ ನಾಯಿಯೂ ಬೈದರೆ ಹಾಗೆಯೇ ನಿಂತಿತು. ಆದರೂ ನಾಯಿಗೆ ಬೈಗುಳ ತಾಕಿತಲ್ಲ! ಅದರ ಎದೆ ಬಡಿದುಕೊಂಡಿತು, ಅದಕ್ಕೆ ಹಸಿವಿದೆ, ನೋವಿದೆ. ಯಂತ್ರಕ್ಕೆ ಯಾವುದು ತಾಕಿತು?

ನಮ್ಮ ಸಮಾಜದ ಮಠಗಳಿಗೂ ಯಂತ್ರಪ್ರಾಣಿ ಬಂದಿರುವುದು ಓದುಗರಿಗೆ ತಿಳಿದಿದೆ. 2024ರಲ್ಲಿ ಸುತ್ತೂರು ಶ್ರೀಮಠಕ್ಕೆ ‘ಶಿವ’ ಎಂಬ ಹೆಸರಿನ ಯಂತ್ರದ ಆನೆ ಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಳೆಹೊನ್ನೂರಿನ ರಂಭಾಪುರಿ ಪೀಠಕ್ಕೆ ‘ವೀರಭದ್ರ’ ಎಂಬ ಆನೆ ಬಂದಿತು. ಉಕ್ಕು, ರಬ್ಬರು, ಫೈಬರುಗಳಿಂದಾದ ಈ ಆನೆಗಳು ಕಿವಿ ಬೀಸುತ್ತವೆ, ಸೊಂಡಿಲೆತ್ತಿ ನೀರು ಚಿಮ್ಮುತ್ತವೆ. ಇದನ್ನು ನಕ್ಕವರೂ ಇದ್ದಾರೆ. ನಮಗೆ ಇದರಲ್ಲಿ ಆಕ್ಷೇಪಿಸುವಂತಹದು ಕಾಣಲಿಲ್ಲ. ಕಾಡಿನ ಜೀವವೊಂದು ಸರಪಳಿಯಿಂದಲೂ ಅಂಕುಶದಿಂದಲೂ ಪಾರಾಯಿತು, ಭಕ್ತರ ಕಣ್ಣಿಗೆ ಉತ್ಸವವೂ ಉಳಿಯಿತು. ಯಂತ್ರದ ಆನೆಯಿಂದ ಬಿಡುಗಡೆ ಪಡೆದದ್ದು ಆನೆ. ಅಜ್ಜಿಯ ತೊಡೆಯ ಮೇಲೆ ಯಂತ್ರದ ನಾಯಿಮರಿಯನ್ನಿಟ್ಟಾಗ ಬಿಡುಗಡೆ ಪಡೆಯುವವರು ಯಾರು? ದೂರದ ಊರಿನ ಮಗನೋ ಮಗಳೋ ಇರಬೇಕು.

ಹಾಗೆಂದು ಏಕಪಕ್ಷೀಯವಾಗಿ ತೀರ್ಮಾನಿಸುವುದು ನ್ಯಾಯವಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ವೃದ್ಧರ ಆರೈಕೆ ಕೇಂದ್ರಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲವರ ಬಳಿಗೆ ಜೀವಂತ ನಾಯಿಯನ್ನೂ ಕೆಲವರ ಬಳಿಗೆ ಐಬೋವನ್ನೂ ವಾರಕ್ಕೊಮ್ಮೆ ಕರೆತರುತ್ತಿದ್ದರು. ಏನೂ ಇಲ್ಲದವರಿಗೆ ಹೋಲಿಸಿದರೆ ಎರಡೂ ಗುಂಪಿನವರ ಏಕಾಕಿತನ ಕಡಿಮೆಯಾಗಿತ್ತು. ಮಲಗಿದಲ್ಲಿಂದ ಏಳಲಾರದ, ನಾಯಿಯನ್ನು ನೋಡಿಕೊಳ್ಳಲಾಗದ, ಮಕ್ಕಳ ಹೆಸರನ್ನೇ ಮರೆತ ಒಬ್ಬ ತಾಯಿಗೆ ಅದರಿಂದ ಒಂದು ಗಳಿಗೆ ನೆಮ್ಮದಿ ಸಿಗುವುದಾದರೆ ಬೇಡವೆನ್ನಲು ನಾವಾರು?

ಆದರೆ ಕೈಕಾಲು ಗಟ್ಟಿಯಿರುವ ಹಿರಿಯರ ಮಾತು ಬೇರೆ. ಹಾನಗಲ್ಲ ತಾಲೂಕಿನ ಹಳ್ಳಿಯೊಂದರಲ್ಲಿ ಒಬ್ಬಂಟಿಯಾಗಿರುವ ತಾಯಿಯೊಬ್ಬರನ್ನು ನಾವು ಬಲ್ಲೆವು. ಗಂಡ ಲಿಂಗೈಕ್ಯರಾಗಿ ಬಹಳ ವರ್ಷಗಳಾದವು. ತಮ್ಮೊಬ್ಬರಿಗಾಗಿ ಒಲೆ ಹೊತ್ತಿಸಲು ಅವರಿಗೆ ಮನಸ್ಸಿರಲಿಲ್ಲ, ಮಧ್ಯಾಹ್ನ ಚುರುಮುರಿ ತಿಂದು ನೀರು ಕುಡಿದು ಮಲಗುತ್ತಿದ್ದರು. ಓಣಿಯ ಕಂದು ನಾಯಿಯೊಂದು ಕಟ್ಟೆಯ ಕೆಳಗೆ ಬಂದು ಕೂರಲು ಆರಂಭಿಸಿದ ಮೇಲೆ ಅದಕ್ಕೆಂದು ದಿನವೂ ರೊಟ್ಟಿ ಬಡಿಯತೊಡಗಿದರು. ಅದಕ್ಕೆ ಎರಡು ಬಡಿದ ಮೇಲೆ ತಮಗೆ ಒಂದು ಬಡಿದುಕೊಳ್ಳುವುದು ಏನು ಕಷ್ಟ? ಹೀಗೆ ನಾಯಿಯ ಹಸಿವು ಅವರಿಗೆ ಊಟ ಮಾಡಿಸಿತು. ದಾಸೋಹವೆಂದರೆ ಉಣ್ಣುವವನಿಗಾಗುವ ಉಪಕಾರವೆಂದೇ ನಾವು ಸಾಮಾನ್ಯವಾಗಿ ಹೇಳುತ್ತೇವೆ; ನೀಡುವವರನ್ನು ಅದು ಎಷ್ಟು ಹಿಡಿದು ನಿಲ್ಲಿಸುತ್ತದೆ ಎಂಬುದನ್ನು ಆ ಕಟ್ಟೆಯ ಮೇಲೆ ನೋಡಬೇಕು. ವಿಜ್ಞಾನಿಗಳು ನಾಯಿಯ ನೋಟವನ್ನು ತೆಗೆದುಕೊಂಡರು, ನಡೆಯನ್ನು ತೆಗೆದುಕೊಂಡರು. ಹಸಿವನ್ನು ಬಿಟ್ಟರು. ಐಬೋ ವಿದ್ಯುತ್ತನ್ನು ತಾನೇ ಹೋಗಿ ತುಂಬಿಸಿಕೊಳ್ಳುತ್ತದೆ, ಯಾರ ಹಂಗೂ ಅದಕ್ಕಿಲ್ಲ.

(ಓಣಿಯ ನಾಯಿಗೆ ಅನ್ನ ಹಾಕುವವರು ಅದಕ್ಕೆ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಬೇಕು. ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಆ ರೋಗದ ಲಕ್ಷಣ ಕಂಡ ಮೇಲೆ ಔಷಧಿಯಿಲ್ಲ.)

ಆದ್ದರಿಂದ ನಮ್ಮನ್ನು ಕೇಳುವ ತರುಣರಿಗೆ ನಾವು ಹೇಳುವುದಿದು. ಕರೆಯುವ, ಎಚ್ಚರಿಸುವ, ದಾರಿ ತೋರುವ ಯಂತ್ರ ಬಂದಾಗ ಧಾರಾಳವಾಗಿ ತನ್ನಿ. ಪ್ರೀತಿಸುವಂತೆ ನಟಿಸುವ ಯಂತ್ರವನ್ನು ತರುವ ಮೊದಲು ಅಪ್ಪ ಅವ್ವನನ್ನು ಒಂದು ಮಾತು ಕೇಳಿ. ಅದು ಯಂತ್ರವೆಂಬುದನ್ನು ಮುಚ್ಚಿಡಬೇಡಿ. ಕೊಳ್ಳುವಾಗ ಅದನ್ನು ದುರಸ್ತಿ ಮಾಡುವವರು ಎಲ್ಲಿದ್ದಾರೆಂದೂ ವಿಚಾರಿಸಿ. ಸೋನಿ ಕಂಪನಿ 2006ರಲ್ಲಿ ಐಬೋ ತಯಾರಿಕೆಯನ್ನು ನಿಲ್ಲಿಸಿ, 2014ರಲ್ಲಿ ಹಳೆಯವುಗಳ ದುರಸ್ತಿಯನ್ನೂ ನಿಲ್ಲಿಸಿತು. ಹೊಸ ಮಾದರಿ ಬಂದದ್ದು 2018ರಲ್ಲಿ. ನಡುವೆ ಕೆಟ್ಟು ನಿಂತ ಯಂತ್ರನಾಯಿಗಳನ್ನು ಎಸೆಯಲು ಮನಸ್ಸು ಬಾರದ ಒಡೆಯರು ಅವುಗಳನ್ನು ಚಿಬಾ ಪ್ರಾಂತದ ಇಸುಮಿ ಊರಿನ ಕೊಫುಕುಜಿ ಎಂಬ ಬೌದ್ಧ ದೇವಾಲಯಕ್ಕೆ ಒಪ್ಪಿಸಿದರು. ಅಲ್ಲಿಯ ಅರ್ಚಕರು 2015ರಿಂದ ಅವುಗಳಿಗೆ ಉತ್ತರಕ್ರಿಯೆ ನಡೆಸಿದರು. ಸಾಲಾಗಿ ಕೂರಿಸಿದ ಯಂತ್ರನಾಯಿಗಳ ಕೊರಳಿಗೆ ಒಡೆಯರ ಹೆಸರು, ಊರಿನ ಚೀಟಿ ಕಟ್ಟಿ, ಧೂಪ ಹಾಕಿ, ಮಂತ್ರ ಹೇಳಿದರು. ಆಮೇಲೆ ಅವುಗಳ ಬಿಡಿಭಾಗಗಳನ್ನು ಬಿಚ್ಚಿ, ಇನ್ನೂ ನಡೆಯುತ್ತಿರುವ ಬೇರೆ ಐಬೋಗಳ ದುರಸ್ತಿಗೆ ಬಳಸಿದರು.